ವಾಚಿನ ಕೆಳಗಿನ ವಿಭೂತಿ

ಹಾಸನದ ಡಾಕ್ಟರು ನನ್ನಿಂದ ಕೇಳಿದ್ದು ಹೆಚ್ಚೇನಲ್ಲ. ಒಂದು ತಿಂಗಳ ಕಾಲ ನನ್ನ ಗಂಡನ ಕೈಯಲ್ಲಿ ಸ್ಮಾರ್ಟ್‌ವಾಚ್ ಇರಬೇಕು, ಅದರಲ್ಲಿ ಯಾವಾಗಲೂ ಚಾರ್ಜ್ ಇರಬೇಕು, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿರುವವಳು ನಾನು. ನಿಂಬೆಹಣ್ಣುಗಳಿಗೆ ತಂತಿ ಚುಚ್ಚಿ ಪುಟ್ಟ ಎಲ್‌ಇಡಿ ಬಲ್ಬು ಹೊತ್ತಿಸಿ ಮಕ್ಕಳ ಬಾಯಿ ತೆರೆಸಿದವಳು. ಇದೂ ಒಂದು ಕೆಲಸವೇ ಎಂದುಕೊಂಡು ಡಾಕ್ಟರ ಕೋಣೆಯಿಂದ ಎದ್ದು ಬಂದೆ.

ನನ್ನ ಗಂಡನಿಗೆ ನಾವಿರುವ ಅರಸೀಕೆರೆಯಲ್ಲೇ ಕೊಬ್ಬರಿ ಮಂಡಿ ಇದೆ. ಇತ್ತು ಎನ್ನಬೇಕೋ ಏನೋ. ಆ ವರ್ಷ ಎರಡು ಸಲ ಮಂಡಿಯಲ್ಲಿ ಕೂತಲ್ಲೇ ಅವರಿಗೆ ಎದೆ ಬಡಿತ ದಿಕ್ಕೆಟ್ಟಿತ್ತು. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಲೆಕ್ಕವಿಲ್ಲದೆ. "ಗೋಣಿಯಿಂದ ಕೊಬ್ಬರಿ ಉರುಳ್ದಂಗೆ ಆಯ್ತೈತೆ ಕಣೇ" ಎಂದಿದ್ದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಸಲವೂ ಎಲ್ಲ ಸರಿಹೋಗಿತ್ತು. ಒಂದು ದಿನ ಪೂರ್ತಿ ಎದೆಗೆ ತಂತಿ ಅಂಟಿಸಿ ಕಳಿಸಿದರು. ಆ ದಿನ ಹೃದಯ ಒಳ್ಳೆಯ ಹುಡುಗನ ಹಾಗೆ ನಡೆದುಕೊಂಡಿತು.

ಡಾಕ್ಟರು ಬಿಡಿಸಿ ಹೇಳಿದರು. ಬಡಿತ ತಪ್ಪುತ್ತಿದೆ ಎಂದು ಅವರಿಗೆ ಅನುಮಾನವಿದೆ, ಆದರೆ ಸಾಕ್ಷಿ ಇಲ್ಲ. ಸಾಕ್ಷಿ ಸಿಕ್ಕರೆ ರಕ್ತ ತೆಳುವಾಗುವ ಮಾತ್ರೆ ಕೊಡಬಹುದು. ಸಾಕ್ಷಿ ಇಲ್ಲದೆ ಕೊಡಲು ಅವರಿಗೆ ಧೈರ್ಯವಿಲ್ಲ. ಏಕೆಂದರೆ ಹಿಂದೊಮ್ಮೆ ನನ್ನ ಗಂಡನಿಗೆ ಹೊಟ್ಟೆಯ ಹುಣ್ಣಿನಿಂದ ತುಂಬ ರಕ್ತ ಹೋಗಿತ್ತು.

"ಮಾತ್ರೆ ಕೊಡದೇ ಇದ್ದರೆ?" ಎಂದು ಕೇಳಿದೆ.

"ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಯಾವತ್ತೋ ಒಂದು ದಿನ ತಲೆಗೆ ಹೋಗಬಹುದಮ್ಮ. ಹೋದರೆ ಲಕ್ವ. ಅದಕ್ಕೇ ಹೇಳ್ತಿರೋದು, ಬಡಿತ ತಪ್ಪೋದನ್ನ ಗುರುತು ಹಾಕೋ ವಾಚ್ ಬರುತ್ತೆ, ಒಂದು ತಿಂಗಳು ಕಟ್ಟಿಸಿ. ಫೋನ್ ಸಮೇತ ಬನ್ನಿ, ನೋಡೋಣ."

ವಾಚು ತಂದೆವು. ಅದುವರೆಗೆ ಅವರು ಕೈಗೆ ವಾಚೇ ಕಟ್ಟಿದವರಲ್ಲ. ಕನ್ನಡಿಯ ಮುಂದೆ ಕೈ ತಿರುಗಿಸಿ ನೋಡಿಕೊಂಡು, "ದನಕ್ಕೆ ಗಂಟೆ ಕಟ್ತಾರಲ್ಲ, ಹಂಗಾಯ್ತು ನನ್ ಕತೆ" ಎಂದರು. ಮಂಡಿಗೆ ಹೋಗಿ ಪಕ್ಕದ ಅಂಗಡಿಯವರಿಗೆಲ್ಲ ತೋರಿಸಿದರಂತೆ.

ನನಗೆ ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ವಾಚಿನ ಡಬ್ಬಿಯಲ್ಲಿ ಬಂದ ಚೀಟಿ ಓದಿದೆ, ಇಂಟರ್‌ನೆಟ್ಟಿನಲ್ಲಿ ಹುಡುಕಿ ಓದಿದೆ, ಶಾಲೆಯ ಡ್ರಾಯಿಂಗ್ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆದು ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿದೆ. ಜೊತೆಗೆ ಬಂದ ಚಾರ್ಜರನ್ನೇ ಬಳಸಬೇಕು, ಫೋನಿನ ಜೋರು ಚಾರ್ಜರಿಗೆ ಸಿಕ್ಕಿಸಬಾರದು. ಪೂರ್ತಿ ಖಾಲಿಯಾಗಲು ಬಿಡಬಾರದು, ಇಪ್ಪತ್ತಕ್ಕೆ ಬಂದಾಗಲೇ ಹಾಕಬೇಕು. ದಿನವೂ ನೂರರವರೆಗೆ ತುಂಬಿಸಬೇಕಿಲ್ಲ, ಎಂಬತ್ತು ತೊಂಬತ್ತಕ್ಕೆ ತೆಗೆದರೆ ಬ್ಯಾಟರಿ ಹೆಚ್ಚು ದಿನ ಬಾಳುತ್ತದೆ. ಕಿಟಕಿಯ ಬಿಸಿಲಿನಲ್ಲಿ, ಬಿಸಿಯಾದ ಟಿವಿಯ ಮೇಲೆ ಇಟ್ಟು ಚಾರ್ಜ್ ಮಾಡಬಾರದು. ಪರದೆಯ ಬೆಳಕು ತಗ್ಗಿಸಬೇಕು. ಕೈ ಎತ್ತಿದಾಗಲೆಲ್ಲ ಹೊತ್ತಿಕೊಳ್ಳುವುದನ್ನು ನಿಲ್ಲಿಸಬೇಕು. ವಾಟ್ಸಾಪಿನ ಗುಡ್ ಮಾರ್ನಿಂಗುಗಳು ವಾಚಿಗೆ ಬರಕೂಡದು.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ನಮ್ಮ ಮದುವೇಲಿ ನಿಮ್ಮಪ್ಪ ನಿನ್ ಬಗ್ಗೆ ಇಂಥ ಒಂದು ಹಾಳೆ ಕೊಟ್ಟಿದ್ರೆ ಚೆನ್ನಾಗಿತ್ತು" ಎಂದರು. ಆಗ ನಕ್ಕಿದ್ದೆ.

ಚಾರ್ಜ್ ಮಾಡುವ ಹೊತ್ತನ್ನೂ ನಾನೇ ಗೊತ್ತು ಮಾಡಿದೆ. ಬೆಳಿಗ್ಗೆ ಸ್ನಾನ ಮಾಡಿ ಅವರು ಪೂಜೆಗೆ ಕೂರುತ್ತಾರೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಹಣೆ, ಎದೆ, ತೋಳು, ಮೊಣಕೈ, ಎರಡೂ ಮಣಿಕಟ್ಟು, ಹೀಗೆ ಮೂರು ಬೆರಳಿನಿಂದ ಎಳೆದುಕೊಂಡು, ಎಡ ಅಂಗೈಯ ಮೇಲೆ ಲಿಂಗವಿಟ್ಟು ಪೂಜೆ. ಅಂಗೈಗೆ ನೀರು ಬೀಳುತ್ತದಾದ್ದರಿಂದ ಹೇಗೂ ವಾಚು ಬಿಚ್ಚಲೇಬೇಕು. ಆ ಮುಕ್ಕಾಲು ಗಂಟೆ ವಾಚು ಚಾರ್ಜಿಗೆ. ಪೂಜೆ ಮುಗಿಯುತ್ತಲೂ ಮತ್ತೆ ಕೈಗೆ. ನಾನು ಅಷ್ಟು ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿಗೆ ಓಡುತ್ತಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು "ವಾಚು?" ಎಂದು ಕೂಗುವುದು, ಒಳಗಿನಿಂದ "ಹೂಂ, ಕಟ್ಕಂಡೆ" ಎಂಬ ಉತ್ತರ.

ಮೊದಲ ಐದಾರು ದಿನ ಎಲ್ಲ ಸರಿಯಿತ್ತು. ಆಮೇಲೆ ವಾಚು ಸಂಜೆಯೊಳಗೆ ಸಾಯತೊಡಗಿತು. ಚಾರ್ಜಿಗೆ ಹಾಕಿದಾಗ ಮಿಂಚಿನ ಗುರುತು ಬರುತ್ತದೆ, ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಹೆಚ್ಚುಕಮ್ಮಿ ಎಲ್ಲಿತ್ತೋ ಅಲ್ಲೇ. ನನ್ನ ಪಿತ್ತ ನೆತ್ತಿಗೇರಿತು. ಅಂಗಡಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದೆ. ಅವನು, "ಬ್ಯಾಟ್ರಿ ಉಳಿಸೋ ಮೋಡ್ ಐತಲ್ಲ ಮೇಡಂ, ಅದನ್ನ ಹಾಕ್ಕಳಿ" ಎಂದು ಇಟ್ಟುಬಿಟ್ಟ.

ಆ ಭಾನುವಾರ ಬೇಲೂರಿನಲ್ಲಿ ನನ್ನ ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಊಟದ ನಡುವೆ ತಂಗಿ ಬಗ್ಗಿ ನೋಡಿ, "ಭಾವ, ನಿಮ್ಮ ವಾಚು ಆಗಲೇ ಕಣ್ಣು ಮುಚ್ಚಿದೆ" ಎಂದಳು. ಎಲ್ಲರೂ ನಕ್ಕರು. ಅವರೂ ನಕ್ಕು, "ನಿಮ್ಮಕ್ಕನ ಕಾಟ ತಡೀಲಾರದೆ ಪ್ರಾಣ ಬಿಡ್ತು" ಎಂದರು. ನನಗೆ ಮೈ ಉರಿದುಹೋಯಿತು. ಇಷ್ಟೆಲ್ಲ ಓದಿ, ಬರೆದು, ಅಂಟಿಸಿ, ಕೊನೆಗೆ ಹೋಳಿಗೆ ಮುಗಿಯುವವರೆಗೂ ವಾಚು ಬದುಕಲಿಲ್ಲವಲ್ಲ ಎಂದು ಅವಮಾನ. ಜೊತೆಗೆ ತಂದಿದ್ದ ಚಾರ್ಜರಿನಿಂದ ಅಲ್ಲೇ ಹೇಗೋ ಒಂದಷ್ಟು ಚಾರ್ಜ್ ಮಾಡಿಸಿ, ವಾಪಸು ಬರುವಾಗ ಬಸ್ಸಿನಲ್ಲಿ ಅವರ ಫೋನು ಕಿತ್ತುಕೊಂಡು ಆ ಬ್ಯಾಟರಿ ಉಳಿಸುವ ಮೋಡ್ ಹುಡುಕಿ ಒತ್ತಿದೆ. ಪರದೆಯ ಮೇಲೆ ನಾಲ್ಕು ಸಾಲಿನ ಏನೋ ಒಂದು ಬಂದು, ಸರಿಯೇ ಎಂದು ಕೇಳಿತು. ಬಸ್ಸು ಕುಲುಕುತ್ತಿತ್ತು. ಅಕ್ಷರ ಸಣ್ಣದಿತ್ತು. ನಾನು ಸರಿ ಎಂದು ಒತ್ತಿದೆ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುವ ಮಕ್ಕಳನ್ನು ಇಪ್ಪತ್ತೆರಡು ವರ್ಷದಿಂದ ಬೆಂಚಿನ ಮೇಲೆ ನಿಲ್ಲಿಸುತ್ತ ಬಂದವಳು ನಾನು.

ಮರುದಿನ ಬೆಳಿಗ್ಗೆ ವಾಚನ್ನು ಮಗುಚಿ ನೋಡಿದಾಗ ಕಂಡಿತು. ಹಿಂಬದಿಯಲ್ಲಿ ಚಾರ್ಜರು ಕಚ್ಚಿಕೊಳ್ಳುವ ಎರಡು ಪುಟ್ಟ ಹಿತ್ತಾಳೆ ಚುಕ್ಕಿಗಳಿವೆ. ಅವುಗಳ ಮೇಲೆ ಬಿಳಿಯ ಪದರ, ಬೆವರಿಗೆ ಕಲಸಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ.

ಅವರು ಹಸಿ ವಿಭೂತಿಯ ಮೇಲೇ ವಾಚು ಕಟ್ಟುತ್ತಿದ್ದರು. ದಿನಾ. ನಾನು ಬರೆದ ಹಾಳೆಯಲ್ಲಿ ಬಿಸಿಲಿತ್ತು, ಟಿವಿ ಇತ್ತು, ವಾಟ್ಸಾಪ್ ಇತ್ತು. ವಿಭೂತಿ ಇರಲಿಲ್ಲ. ನಮ್ಮ ಮನೆಯ ಗಂಡಸರ ಮಣಿಕಟ್ಟಿನಲ್ಲಿ ಏನಿರುತ್ತದೆಂದು ಆ ಇಂಟರ್‌ನೆಟ್ಟಿನವರಿಗೆ ಹೇಗೆ ಗೊತ್ತಿರಬೇಕು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಚಾರ್ಜಿಗೆ ಹಾಕಿದೆ. ಸರಸರ ಏರಿತು. ಅವರು ಪೂಜೆ ಮುಗಿಸಿ ಬಂದ ತಕ್ಷಣ ಶುರು ಮಾಡಿದೆ.

"ನೋಡ್ರೀ ಇಲ್ಲಿ. ಇಷ್ಟು ದಿನ ಚಾರ್ಜ್ ಆಗದೆ ಇದ್ದದ್ದು ನಿಮ್ಮ ಈ ವಿಭೂತಿಯಿಂದ. ಎಡಗೈ ಮಣಿಕಟ್ಟಿಗೆ ಒಂದು ತಿಂಗಳು ಬಿಟ್ಟರೆ ಶಿವ ಏನೂ ಕೋಪ ಮಾಡ್ಕೊಳ್ಳಲ್ಲ."

"ಎಂಟು ವರ್ಷದವನಿಂದ ಹಚ್ಕಂಡು ಬಂದಿರೋದು ಕಣೇ. ಅದನ್ ಬಿಡು ಅಂದ್ರೆ ಹೆಂಗೆ?"

"ಹಾಗಾದರೆ ಬಲಗೈಗೆ ಕಟ್ಕೊಳ್ಳಿ."

"ಅಲ್ಲೂ ಐತಲ್ಲ."

ಒರೆಸಿಕೊಳ್ಳಿ ಎಂದೆ. ಹಚ್ಚಿಕೊಂಡದ್ದನ್ನು ಒರೆಸಿಕೊಳ್ಳುವುದೇ ತಪ್ಪು ಎಂದರು. ನಾಲ್ಕು ದಿನ ಅವರ ತಲೆ ತಿಂದೆ. ಡಾಕ್ಟರ ಹೆಸರು ಹೇಳಿ ಹೆದರಿಸಿದೆ. ಐದನೇ ದಿನ ನಾನು ಬುತ್ತಿ ಕಟ್ಟುತ್ತಿದ್ದಾಗ ಎಡಗೈ ಚಾಚಿ ತೋರಿಸಿದರು. ತೋಳಿನಲ್ಲಿ ಮೂರು ಗೆರೆ, ಮೊಣಕೈಯಲ್ಲಿ ಮೂರು ಗೆರೆ, ಮಣಿಕಟ್ಟು ಬರಿದು. "ಸಮಾಧಾನ ಆಯ್ತಾ?" ಎಂದರು. ಮುಖ ಸಣ್ಣದಾಗಿತ್ತು. ನಾನು ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಅಲ್ಲಿಂದ ವಾಚು ಒಂದು ಸಲ ಚಾರ್ಜ್ ಮಾಡಿದರೆ ನಾಲ್ಕೈದು ದಿನ ಬರತೊಡಗಿತು. ಹಳೇಬೀಡಿನ ಸ್ಟಾಫ್ ರೂಮಿನಲ್ಲಿ ಇದನ್ನು ಕತೆ ಮಾಡಿ ಹೇಳಿದೆ. ಗಣಿತದ ಮೇಡಂ, "ನಿಮ್ಮ ಯಜಮಾನರು ಪುಣ್ಯವಂತರು ಬಿಡಿ" ಎಂದಾಗ, ಅದು ಕುಹಕವೋ ಮೆಚ್ಚುಗೆಯೋ ಎಂದು ಯೋಚಿಸುವಷ್ಟು ವ್ಯವಧಾನವೂ ನನಗಿರಲಿಲ್ಲ. ಅಷ್ಟು ಖುಷಿಯಾಗಿದ್ದೆ.

ಆ ತಿಂಗಳ ಉಳಿದ ದಿನಗಳಲ್ಲಿ ಮೂರು ಸಲ ಅವರಿಗೆ ಬಡಿತ ತಪ್ಪಿತು. ಮೂರು ಸಲವೂ ಅವರಿಗೆ ತಿಳಿಯಿತು. ಒಂದು ಸಲ ನಾನೂ ಮನೆಯಲ್ಲಿದ್ದೆ. ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, ಹೆದರಿದ ನನ್ನನ್ನೇ ಸಮಾಧಾನ ಮಾಡಿದರು. "ಗಾಬ್ರಿ ಬ್ಯಾಡ. ವಾಚು ಹಿಡ್ಕಂಡಿರತೈತೆ ಬಿಡು. ಡಾಕ್ಟ್ರಿಗೆ ಬೇಕಾಗಿದ್ದೂ ಇದೇ ಅಲ್ವಾ."

ತಿಂಗಳು ಮುಗಿದ ಮೇಲೆ ಹಾಸನಕ್ಕೆ ಹೋದೆವು. ಡಾಕ್ಟರು ಫೋನು ತೆಗೆದುಕೊಂಡು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು, ಇನ್ನೊಮ್ಮೆ ಸರಿಸಿದರು.

"ಮೊದಲ ಕೆಲವು ದಿನದ್ದು ಇದೆ. ಅಷ್ಟರಲ್ಲಿ ಎಲ್ಲ ಸರಿಯಾಗೇ ಇದೆ. ಆಮೇಲಿಂದು ಏನೂ ಇಲ್ಲವಲ್ಲ? ಕಟ್ಟಿರಲಿಲ್ಲವಾ?"

"ಕಟ್ಟಿದ್ದರು ಸಾರ್. ಮೂರು ಸಲ ಬಂದಿತ್ತು, ಇಂಥ ದಿನ ಅಂತ ಬರೆದಿಟ್ಟಿದೀನಿ."

"ಬರೆದಿಟ್ಟರೆ ಸಾಲದಮ್ಮ. ಇದು ಹಿಡಿದಿರಬೇಕಿತ್ತು."

ನನ್ನ ಬಾಯಿಂದ ಯೋಚನೆಗೆ ಮೊದಲೇ ಮಾತು ಬಂತು. "ಇವರು ವಿಭೂತಿ ಹಚ್ಕೊಂಡು ಅದರ ಮೇಲೇ ಕಟ್ಟಿಕೊಳ್ತಾರೆ ಸಾರ್. ಎಷ್ಟು ಹೇಳಿದರೂ ಕೇಳಲಿಲ್ಲ. ಅದಕ್ಕೇ ಆಗಿರಬೇಕು."

ಡಾಕ್ಟರು ಕತ್ತೆತ್ತಿ ಅವರನ್ನು ನೋಡಿದರು. ವಿಭೂತಿ ಪದರ ಕೂತರೆ ಬಡಿತ ಅಳೆಯಲು ವಾಚು ಕೆಳಗಿನಿಂದ ಬಿಡುವ ಬೆಳಕು ಚರ್ಮ ಮುಟ್ಟುವುದಿಲ್ಲ, ಅದೂ ಇರಬಹುದು ಎಂದರು. ನನ್ನ ಗಂಡ ಎಂದೂ ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಆ ದಿನ ತೊಡೆಯ ಮೇಲೆ ಕೈ ಜೋಡಿಸಿಟ್ಟುಕೊಂಡು, "ತಪ್ಪಾಯ್ತು ಸಾರ್. ಇನ್ನೊಂದು ತಿಂಗ್ಳು ಸರಿಯಾಗಿ ಕಟ್ಟತೀನಿ" ಎಂದರು. ಅವರು ಎಡ ಮಣಿಕಟ್ಟಿಗೆ ವಿಭೂತಿ ಹಚ್ಚುವುದನ್ನು ಬಿಟ್ಟು ಎರಡು ವಾರವಾಗಿತ್ತು. ಅದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅರಸೀಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ನಾನು ಅವರ ಫೋನು ತೆಗೆದು ಸೆಟ್ಟಿಂಗ್ಸಿನ ಒಳಗೆ ಒಂದೊಂದನ್ನೇ ನೋಡುತ್ತ ಹೋದೆ. ಬ್ಯಾಟರಿ ಉಳಿಸುವ ಮೋಡ್ ಇನ್ನೂ ಹಾಗೇ ಇತ್ತು. ಅದರ ಕೆಳಗೆ ಬೇಲೂರಿನ ಬಸ್ಸಿನಲ್ಲಿ ನಾನು ಓದದೆ ಬಿಟ್ಟ ನಾಲ್ಕು ಸಾಲು. ಈ ಮೋಡಿನಲ್ಲಿ ಹೃದಯ ಬಡಿತ ಅಳೆಯುವುದು ನಿಲ್ಲುತ್ತದೆ ಎಂದು ಎರಡನೇ ಸಾಲಿನಲ್ಲೇ ಇತ್ತು.

ಅದನ್ನು ಇನ್ನೊಮ್ಮೆ ಓದಿದೆ. ನಾಲ್ಕೈದು ದಿನ ಬರುತ್ತಿದ್ದ ಬ್ಯಾಟರಿ, ನಾನು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡ ಬ್ಯಾಟರಿ, ಅದಕ್ಕೇ ಬರುತ್ತಿತ್ತು. ಮಾಡಬೇಕಾದ ಒಂದೇ ಒಂದು ಕೆಲಸವನ್ನು ಬಿಟ್ಟು ವಾಚು ಸುಮ್ಮನೆ ಟೈಮು ತೋರಿಸಿಕೊಂಡು ಕೂತಿತ್ತು. ಅವರು ಕುರ್ಚಿ ಹಿಡಿದುಕೊಂಡು ವಾಚು ಹಿಡ್ಕಂಡಿರತೈತೆ ಎಂದಾಗಲೂ.

ಅವರನ್ನು ಎಬ್ಬಿಸಿ ಹೇಳಬಹುದಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ಡಾಕ್ಟರ ಹತ್ತಿರ ವಾಪಸು ಹೋಗಿ, ತಪ್ಪು ನನ್ನದು, ಆ ಮೂರು ಸಲ ನಿಜವಾಗಿ ಬಂದಿತ್ತು, ವಾಚು ಆಫ್ ಇದ್ದ ಹಾಗೇ ಇತ್ತು, ನಂಬಿ ಎನ್ನಬಹುದಿತ್ತು. ನಂಬಿ ಮಾತ್ರೆ ಕೊಡುತ್ತಿದ್ದರೋ ಇಲ್ಲವೋ, ಗೊತ್ತಿಲ್ಲ. ನಾನು ಮೋಡ್ ತೆಗೆದು ಫೋನನ್ನು ಬ್ಯಾಗಿಗೆ ಹಾಕಿಕೊಂಡೆ. ಸಂಕೋಚಕ್ಕೆ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಮೂವತ್ತು ವರ್ಷದ ಸಂಸಾರದಲ್ಲಿ ತಪ್ಪು ಯಾವಾಗಲೂ ಅವರದು, ಸರಿ ಯಾವಾಗಲೂ ನನ್ನದು. ಅದು ನನಗೆ ಅಷ್ಟು ಅಭ್ಯಾಸವಾಗಿ ಹೋಗಿತ್ತು.

ಮೋಡ್ ತೆಗೆದ ಮೇಲೆ ವಾಚು ಮತ್ತೆ ಒಂದೂವರೆ ದಿನಕ್ಕೇ ಖಾಲಿಯಾಗತೊಡಗಿತು. ಅದೇ ಅದರ ನಿಜವಾದ ಆಯುಷ್ಯ. ಅವರಿಗೆ ಹಾಗೆ ತೋರಲಿಲ್ಲ. "ಒಳಗೆ ಇನ್ನೂ ವಿಭೂತಿ ಉಳ್ಕಂಡೈತೇನೋ" ಎಂದು ಮಣಿಕಟ್ಟನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡರು. ಅಷ್ಟು ಉಜ್ಜಬೇಡಿ ಎಂದೆ. ಅಷ್ಟನ್ನು ಮಾತ್ರ ಅಂದೆ.

ಹಾಸನದಿಂದ ಬಂದ ಒಂಬತ್ತನೆಯ ದಿನ ಬೆಳಿಗ್ಗೆ ಎರಡನೇ ಪೀರಿಯಡ್ಡಿನಲ್ಲಿ ಫೋನು ಬಂತು. ಮಂಡಿಯ ಪಕ್ಕದ ಅಂಗಡಿಯವರು. "ಟೀಚ್ರೇ, ನಮ್ ಸಾವ್ಕಾರ್ರು ಕೂತಂಗೇ ವಾಲ್ಕಂಡ್ರು. ಬಾಯಿ ಸೊಟ್ಟ ಆಗೈತೆ, ಮಾತು ಬತ್ತಿಲ್ಲ. ಹಾಸನಕ್ಕೆ ಕರ್ಕಂಡ್ ಹೋಯ್ತಾ ಇದೀವಿ. ನೀವು ಅಲ್ಲಿಗೇ ಬನ್ನಿ." ಚಾಕ್‌ಪೀಸು ಕೈಯಲ್ಲಿ ಹಿಡಿದುಕೊಂಡೇ ಹೊರಟಿದ್ದೆ. ಹಗರೆಗೆ ಬಂದು ಮೇನ್ ರೋಡಿನಲ್ಲಿ ಬೇಲೂರಿನಿಂದ ಬರುವ ಬಸ್ಸಿಗೆ ಕಾಯುವಾಗ ಅದು ಬೆರಳಲ್ಲೇ ಪುಡಿಯಾಗಿತ್ತು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿದ ಕೂಡಲೇ ತಪ್ಪಿದ ಬಡಿತ ಸಿಕ್ಕಿತು. ಇಷ್ಟು ದಿನ ಆಟ ಆಡಿಸಿದ್ದು ಅವತ್ತು ಅಲ್ಲೇ ಕೂತಿತ್ತು. ಅದೇ ಡಾಕ್ಟರು ಬಂದರು. ಮೆದುಳಿನ ಎಡಭಾಗಕ್ಕೆ ಹೆಪ್ಪು ಹೋಗಿದೆ, ಬಲಗೈ ಬಲಗಾಲು ಮತ್ತು ಮಾತು ಹೋಗಿವೆ ಎಂದರು.

"ಹೋದ ತಿಂಗಳೇ ಸಿಕ್ಕಿಬಿಟ್ಟಿದ್ದರೆ ಮಾತ್ರೆ ಶುರು ಮಾಡಬಹುದಿತ್ತು. ಏನು ಮಾಡೋದು," ಎಂದು ಅವರು ನನ್ನ ಕಡೆ ನೋಡದೆ ಹೇಳಿದರು. ನರ್ಸು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವರ ಕನ್ನಡಕ, ಫೋನು, ಬೆಳ್ಳಿ ಕರಡಿಗೆ ಸಮೇತ ಲಿಂಗ, ವಾಚು ಎಲ್ಲವನ್ನೂ ಹಾಕಿ ನನ್ನ ಕೈಗೆ ಕೊಟ್ಟಳು. ವಾಚಿನಲ್ಲಿ ಇನ್ನೂ ಅರವತ್ತೆರಡು ಪರ್ಸೆಂಟ್ ಚಾರ್ಜ್ ಇತ್ತು. ಫೋನು ತೆರೆದರೆ ಆ ಬೆಳಿಗ್ಗೆಯ ತಪ್ಪಿದ ಬಡಿತವನ್ನು ಅದು ಚೆನ್ನಾಗಿ ಗುರುತು ಹಾಕಿಟ್ಟಿತ್ತು.

ಮನೆಗೆ ಬಂದು ಏಳು ತಿಂಗಳಾಯಿತು. ಮಂಡಿಯ ಬಾಗಿಲು ಹಾಕಿದೆ. ನಾನು ಉದ್ದದ ರಜೆಯಲ್ಲಿದ್ದೇನೆ. ರಕ್ತ ತೆಳುವಾಗುವ ಮಾತ್ರೆಯನ್ನು ದಿನಾ ಎರಡು ಹೊತ್ತು ನಾನೇ ಕೊಡುತ್ತೇನೆ. ಮಾತು ಬರಬಹುದು ಎಂದು ಮೊದಲು ಹೇಳುತ್ತಿದ್ದ ಡಾಕ್ಟರು ಈಗ ಆ ಸುದ್ದಿ ಎತ್ತುವುದಿಲ್ಲ. ಅವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಕೇಳಿದರೆ, ಒಂದೊಂದು ದಿನ ಒಂದೊಂದು ಥರ ಎನ್ನುತ್ತಾರೆ.

ಬೆಳಿಗ್ಗೆ ಸ್ನಾನ ಮಾಡಿಸಿದ ಮೇಲೆ ವಿಭೂತಿ ಹಚ್ಚುವವಳು ನಾನೇ. ಹಣೆಗೆ ಹಚ್ಚಿಸಿಕೊಳ್ಳುತ್ತಾರೆ, ಎದೆಗೆ, ತೋಳಿಗೆ ಹಚ್ಚಿಸಿಕೊಳ್ಳುತ್ತಾರೆ. ಸತ್ವವಿಲ್ಲದ ಬಲಗೈಯನ್ನು ಎತ್ತಿ ಮಣಿಕಟ್ಟಿಗೆ ಹಚ್ಚಿದರೂ ಸುಮ್ಮನಿರುತ್ತಾರೆ. ಎಡ ಮಣಿಕಟ್ಟಿಗೆ ಬಂದರೆ ಕೈಯನ್ನು ಸರಕ್ಕನೆ ಎಳೆದುಕೊಂಡು ತೊಡೆಯ ಕೆಳಗೆ ಸೇರಿಸಿಬಿಡುತ್ತಾರೆ. ಮೊದಮೊದಲು ತಣ್ಣಗಾಗುತ್ತದೇನೋ ಎಂದುಕೊಂಡೆ. ಬಿಸಿನೀರಲ್ಲಿ ತೇದು ನೋಡಿದೆ. ಒಂದು ದಿನ ಗದರಿಕೊಂಡು ಬಲವಂತವಾಗಿ ಕೈ ಹಿಡಿದೆ. ಅವರು ನನ್ನ ಮುಖ ನೋಡುತ್ತ, ಗಂಟಲಿನಲ್ಲಿ ಏನೋ ಸದ್ದು ಮಾಡುತ್ತ, ಗದ್ದದಿಂದ ಆ ಮಣಿಕಟ್ಟನ್ನು ತೋರಿಸಿ ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು. ಡಾಕ್ಟರ ಮುಂದೆ ತಪ್ಪಾಯ್ತು ಸಾರ್ ಎಂದಾಗಿನ ಮುಖವೇ ಅದು. ತಮಗೆ ಈ ಗತಿ ಬಂದದ್ದು ತಮ್ಮ ವಿಭೂತಿಯಿಂದ ಎಂದು ಅವರು ನಂಬಿದ್ದಾರೆ. ಹಾಗೆ ನಂಬಿಸಿದವಳು ನಾನು.

ಹೋದ ಸೋಮವಾರ ಹೇಳಿದೆ. ಅವರ ಮುಂದೆ ನೆಲದ ಮೇಲೆ ಕೂತು ಫೋನು ತೆರೆದು, ಮೋಡ್ ತೋರಿಸಿ, ಆ ಎರಡನೇ ಸಾಲನ್ನು ಬೆರಳಿಟ್ಟು ಓದಿದೆ. "ನಿಮ್ಮ ವಿಭೂತಿಯಿಂದ ಏನೂ ಆಗಿಲ್ಲ ರೀ. ನಾನು ಓದದೆ ಒತ್ತಿದೆ. ಡಾಕ್ಟರ ಹತ್ತಿರ ಸುಳ್ಳು ಹೇಳಿದೆ. ಬಸ್ಸಲ್ಲಿ ಗೊತ್ತಾದ ಮೇಲೂ ನಿಮಗೆ ಹೇಳಲಿಲ್ಲ," ಎಂದೆ. ಎರಡು ಸಲ ಹೇಳಿದೆ, ಮಕ್ಕಳಿಗೆ ಪಾಠ ಬಿಡಿಸಿ ಹೇಳುವ ಹಾಗೆ ನಿಧಾನವಾಗಿ. ಅವರು ಪೂರ್ತಿ ಕೇಳಿದರು. ಫೋನನ್ನೂ ನೋಡಿದರು, ನನ್ನನ್ನೂ ನೋಡಿದರು. ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಅರ್ಥವಾಯಿತು ಎಂದುಕೊಂಡೆ. ಬಹಳ ದಿನದ ಮೇಲೆ ಅಳು ಬಂತು.

ಮಂಗಳವಾರ ಬೆಳಿಗ್ಗೆ ವಿಭೂತಿ ತೇದುಕೊಂಡು ಅವರ ಮುಂದೆ ಕೂತೆ. ಹಣೆಗೆ ಹಚ್ಚಿದೆ, ಎದೆಗೆ ಹಚ್ಚಿದೆ, ಎಡತೋಳಿಗೆ, ಮೊಣಕೈಗೆ ಹಚ್ಚಿದೆ. ನನ್ನ ಬೆರಳು ಇನ್ನೂ ಮುಂದೆ ಬರುವ ಮೊದಲೇ ಅವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.